ಕಳೆ ತೆಗೆಯದ ಮೂರು ಎಕರೆ

ಮುರುಗೇಶಪ್ಪನವರು ಜೀವಮಾನದಲ್ಲಿ ಹೇಳಿದ ಸುಳ್ಳು ಒಂದೇ ಒಂದು. ಆದರೆ ಅದನ್ನು ಹನ್ನೊಂದು ವರ್ಷ ಬಿಡದೆ ಹೇಳಿದ್ದರು, ಅದೂ ರುಜು ಹಾಕಿ!

ಕಾಗದ ಕಾರ್ಖಾನೆಗೆಂದು ಬೆಳೆಸಿದ ಅಕೇಶಿಯಾ ನೆಡುತೋಪಿನಲ್ಲಿ ಅವರು ಮೇಸ್ತ್ರಿಯಾಗಿದ್ದ ಕಾಲ ಅದು. ಮಳೆಗಾಲ ಮುಗಿಯುತ್ತಲೇ ಆಳುಗಳನ್ನು ಕರೆದುಕೊಂಡು ಹೋಗಿ, ಅಕೇಶಿಯಾ ಬಿಟ್ಟು ಮಿಕ್ಕ ಗಿಡವನ್ನೆಲ್ಲ ಬುಡಸಮೇತ ಸವರಿ, ರಿಜಿಸ್ಟರಿನಲ್ಲಿ 'ಕಳೆ ತೆಗೆದಿದೆ' ಎಂದು ಬರೆಯಬೇಕು. ಕಾಡಿನ ಹೊನ್ನೆಯೂ ಕಳೆ, ಮತ್ತಿಯೂ ಕಳೆ. ಒಂದು ವರ್ಷ ಏಳನೇ ತೋಪಿನ ಹಳ್ಳದ ಬಂಡೆಗೆ ಹೆಜ್ಜೇನು ಕಟ್ಟಿತ್ತು. ನಾಲ್ಕು ಆಳಿಗೆ ಮುಖ ಮೂತಿ ನೋಡದೆ ಕಚ್ಚಿದ ಮೇಲೆ ಮುರುಗೇಶಪ್ಪ ಆ ಮೂರು ಎಕರೆ ಬಿಟ್ಟು, 'ಕಳೆ ತೆಗೆದಿದೆ' ಎಂದೇ ಬರೆದರು. ಮರುವರ್ಷ ಜೇನು ಎದ್ದು ಹೋಗಿತ್ತು, ನಿಜ. ಆದರೆ ಎರಡು ವರ್ಷ ಬೆಳೆದ ಕಳೆಗೆ ಇಮ್ಮಡಿ ಆಳು ಕೇಳಿದರೆ ಹೋದ ವರ್ಷದ ಸುಳ್ಳು ಸಾಹೇಬರಿಗೆ ಗೊತ್ತಾಗುವುದಿಲ್ಲವೇ? ಮತ್ತೆ ಹಾಗೇ ಬರೆದರು. ಕೊನೆಗೆ ಅತ್ಯಂತ ಸ್ವಚ್ಛ ತೋಪು ಎಂದು ಗೋಡೆ ಗಡಿಯಾರ ಬೇರೆ ಬಹುಮಾನ ಬಂತು. ಅದು ಕಾಗದನಗರದ ಅವರ ಮನೆಯಲ್ಲಿ ಇವತ್ತಿಗೂ ಟಿಕ್ ಟಿಕ್ ಎನ್ನುತ್ತಿದೆ.

ಅವರು ಕೆಲಸ ಬಿಟ್ಟು, ತೋಪಿನಲ್ಲಿ ಕಳೆ ತೆಗೆಯುವುದೇ ನಿಂತು ಇಪ್ಪತ್ತೆರಡು ವರ್ಷದ ಮೇಲೆ, ಈಗ ಅರಣ್ಯಾಧಿಕಾರಿ ಶ್ರೀಗೌರಿ ಜೀಪು ತಂದು ನಿಲ್ಲಿಸಿದರು. ಏಳನೇ ತೋಪು ಮರ ಕಡಿಯುವ ಪಟ್ಟಿಯಲ್ಲಿತ್ತು. ಗಡಿ ತೋರಿಸುವುದಕ್ಕೆ ಹಳೇ ಮೇಸ್ತ್ರಿಯೇ ಬೇಕಾಗಿತ್ತು.

ಏಪ್ರಿಲ್ ಬಿಸಿಲು. ಅಕೇಶಿಯಾದ ಕೆಳಗೆ ಒಣ ಎಲೆ ಬಿಟ್ಟರೆ ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಇದೆಲ್ಲ ತನ್ನ ಕೈಕೆಲಸ ಎಂದು ಮುರುಗೇಶಪ್ಪನವರಿಗೆ ಗೊತ್ತಿತ್ತು. ಹಳ್ಳದ ಕಡೆ ಇಳಿದರು. ಇಳಿದವರು ಅಲ್ಲೇ ನಿಂತರು.

ತಂಪು ಮುಖಕ್ಕೆ ಬಂದು ಬಡಿಯಿತು. ತಲೆಯೆತ್ತಿದರೆ ಹೊನ್ನೆ, ಮತ್ತಿ, ನಂದಿ, ನೇರಳೆ; ತುದಿ ನೋಡಲು ಹೋಗಿ ಅವರ ಟೋಪಿ ಹಿಂದಕ್ಕೆ ಬಿತ್ತು. ಮೇಲೆಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದು. ಹೆಜ್ಜೇನು ಕಟ್ಟಿದ್ದ ಆ ಬಂಡೆಯ ಬುಡದಲ್ಲಿ, ಸುತ್ತಲಿನ ಹಳ್ಳಗಳೆಲ್ಲ ಬತ್ತಿ ಮೂರು ತಿಂಗಳಾದರೂ, ನೀರು ಹರಿಯುತ್ತಿತ್ತು. ಮುರುಗೇಶಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು.

"ಅಯ್ಯೋ ಶಿವನೇ... ಯಾರು ನೆಟ್ಟಿದ್ದು ಇದನ್ನೆಲ್ಲಾ?"

"ಯಾರೂ ನೆಟ್ಟಿಲ್ಲ ಮೇಸ್ತ್ರಿಗಳೇ," ಎಂದರು ಶ್ರೀಗೌರಿ. ಅವರ ದನಿಯೂ ತಗ್ಗಿತ್ತು. "ಆದ್ರೆ ಇದೂ ಹೋಗುತ್ತೆ. ಮೂವತ್ತು ವರ್ಷ ದಾಟಿದ ಕಾಡುಮರ ಆದ್ರೆ ಮಾತ್ರ ಬಿಡ್ತಾರೆ. ನಿಮ್ಮ ರಿಜಿಸ್ಟರ್ ನೋಡಿದ್ರೆ ಇಪ್ಪತ್ತೆರಡು ವರ್ಷದ ಹಿಂದಿನ ತನಕ ಇಲ್ಲಿ ಪ್ರತಿ ವರ್ಷ ಕಳೆ ತೆಗ್ದಿದ್ದೀರಿ. ಮೇಲಿನವ್ರು ಕಾಗದ ನೋಡ್ತಾರೆ, ಮರ ನೋಡಲ್ಲ."

ಮುರುಗೇಶಪ್ಪ ಪಕ್ಕದ ಹೊನ್ನೆಯ ಕಾಂಡಕ್ಕೆ ಕೈಯಿಟ್ಟರು. ಊರಲ್ಲಿ ಅಣ್ಣತಮ್ಮಂದಿರ ಪಾಲಾದರೆ ಸಾಕ್ಷಿ ರುಜುವಿಗೆ ಅವರನ್ನೇ ಕರೆಯುತ್ತಿದ್ದರು. ಮುರುಗೇಶಪ್ಪ ಬರೆದ ಮೇಲೆ ಮುಗಿಯಿತು ಎಂಬ ಹೆಸರು. ನಿಜ ಹೇಳಿದರೆ ಆ ಹೆಸರು ಇಲ್ಲೇ ಮಣ್ಣುಪಾಲಾಗುತ್ತದೆ. ಇಷ್ಟು ವರ್ಷ ಕಾಪಾಡಿಕೊಂಡ ಮಾನ! ಮತ್ತೊಮ್ಮೆ ಮೇಲೆ ನೋಡಿದರು.

"ಪೆನ್ ಕೊಡಿ ಮೇಡಂ. ಜೇನು ಕಟ್ಟಿದ ಮೇಲೆ ನಾನು ಇಲ್ಲಿ ಒಂದು ವರ್ಷನೂ ಕಳೆ ತೆಗ್ದಿಲ್ಲ. ಹನ್ನೊಂದು ವರ್ಷನೂ ಸುಳ್ಳು ಬರ್ದಿದ್ದೀನಿ. ಈ ಮರಕ್ಕೆ ಮೂವತ್ಮೂರು ವರ್ಷ ಆಯ್ತು. ಜೇನಿಗೆ ಹೆದ್ರಿ ಬಿಟ್ಟಿದ್ದು, ಅಷ್ಟೇ." ಬರೆದು ರುಜು ಹಾಕುವಾಗ ಕಣ್ಣು ಒದ್ದೆಯಾಯಿತು. "ನೋಡಿ, ನಾನು ಮೈಮುರಿದು ದುಡಿದ ಕಡೆ ಹಕ್ಕಿನೂ ಕೂರಲ್ಲ. ಕಳ್ಳಬಿದ್ದ ಕಡೆ ಹಿಂಗಿದೆ."

ಸಂಜೆ ಮನೆಗೆ ಬಂದವರೇ ಸ್ಟೂಲು ಹತ್ತಿ ಗಡಿಯಾರಕ್ಕೆ ಕೈ ಹಾಕಿದರು. ಶಂಕರಮ್ಮ ಒಳಗಿಂದ ಬಂದು ಸೊಂಟಕ್ಕೆ ಕೈಯಿಟ್ಟು ಗಂಡನ ಕಥೆ ಪೂರಾ ಕೇಳಿದರು.

"ಮಾಡದ ಕೆಲಸಕ್ಕೆ ಕೊಟ್ಟಿದ್ದು ಮಾರಾಯ್ತಿ, ಇದು ನಮಗೆ ಬೇಡ."

"ಇಳೀರಿ ಕೆಳಗೆ," ಎಂದರು ಶಂಕರಮ್ಮ. "ನೀವು ಮಾಡದೆ ಬಿಟ್ಟಿದ್ದಕ್ಕೇ ಅಲ್ವಾ ಅಲ್ಲಿ ನೀರು ಹರೀತಿರೋದು? ಗಡಿಯಾರ ಅಲ್ಲೇ ಇರ್ಲಿ. ಈಗ ಸರಿಯಾಗಿ ನಿಮ್ಮದಾಯ್ತು."