ಯಾವುದಾದ್ರೂ ಒಂದು ಎಲೆ

ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಜಗಳವೇ ನಿಂತುಹೋಯಿತು. ಅಪ್ಪನನ್ನು ಏನು ಕೇಳಿದರೂ ಒಂದೇ ಉತ್ತರ. ಕಾಫಿನಾ, ಟೀನಾ? ಯಾವುದಾದ್ರೂ ಸರಿ. ನೀಲಿ ಶರ್ಟಾ, ಬಿಳಿ ಶರ್ಟಾ? ಯಾವುದಾದ್ರೂ ಸರಿ. ಒಂದು ದಿನ ನೋಡೇಬಿಡೋಣ ಅಂತ ಲೋಟದಲ್ಲಿ ಬರೀ ಬಿಸಿನೀರು ತಂದುಕೊಟ್ಟೆ. ಊದಿ ಊದಿ ಕುಡಿದು ಲೋಟ ತೊಳೆದಿಟ್ಟರು. ಇದೇ ಮನುಷ್ಯ ಹಿಂದೆ, ಕಾಲರ್ ಒಂದೆಳೆ ಸೊಟ್ಟಗಿದೆ ಅಂತ ಇಡೀ ಅಂಗಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು.

ಅಪ್ಪ ಟೈಲರ್. ಬೀದಿಯ ತಿರುವಿನಲ್ಲಿ ಅಂಗಡಿ. ಒಳಗೆ ಒಂದು ಮಿಷನ್ನು, ಒಂದು ಕತ್ತರಿಸುವ ಮೇಜು, ಬಾಗಿಲ ಪಕ್ಕದಲ್ಲಿ ಅಮ್ಮನ ಸ್ಟೂಲು. ಅಪ್ಪ ಹೊಲಿದು ಮುಗಿಸಿದ್ದಕ್ಕೆಲ್ಲ ಅಮ್ಮ ಕಾಜಾ ಹಾಕಿ ಗುಂಡಿ ಕೂರಿಸುತ್ತಿದ್ದಳು. ಅವಳು ಆಸ್ಪತ್ರೆ ಸೇರಿದ ದಿನ ಇಳಿಸಿದ ಶಟರ್ ಆಮೇಲೆ ಏಳಲೇ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯವನಿಗೆ ಆ ಜಾಗದ ಮೇಲೆ ಮೊದಲಿನಿಂದಲೂ ಕಣ್ಣು. ಕಟ್ಟಡದ ಮಾಲೀಕ ಅಕ್ಕನಿಗೆ ಫೋನ್ ಮಾಡಿ, ನಡೆಸ್ತೀರೋ ಬಿಡ್ತೀರೋ, ತಿಂಗಳ ಕೊನೆಯೊಳಗೆ ಹೇಳಿಬಿಡಿ ಅಂದ.

"ಅಪ್ಪಂಗೇ ಬಿಟ್ಬಿಡೋಣ ಕಣೋ. ಅವರ ಅಂಗಡಿ, ಅವರೇ ಹೇಳ್ಲಿ," ಅಂದಳು ಅಕ್ಕ.

"ಅವರು ಏನ್ ಹೇಳ್ತಾರೆ ಅಂತ ಗೋಡೆ ಮೇಲಿನ ಹಲ್ಲೀಗೂ ಗೊತ್ತು."

"ಹಂಗಾದ್ರೆ ಬಿಟ್ಟ ಹಾಗೇ. ನನಗಂತೂ ಗಂಡನ ಮನೆ, ಕೆಲಸ, ಇಲ್ಲಿ ಓಡಿ ಬರೋದು, ಇಷ್ಟರಲ್ಲೇ ಸಾಕುಸಾಕಾಗಿದೆ."

ನನಗೆ ಅಂಗಡಿ ಬೇಕಿತ್ತು. ಯಾಕೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲೂ ಬಾರದವನು ನಾನು. ಅಮ್ಮ ಹೋದಾಗಲೂ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಒಂದು ಇಂಜೆಕ್ಷನ್ ಚುಚ್ಚುತ್ತಾರಲ್ಲ, ಆಮೇಲೆ ನಮ್ಮ ತುಟಿಯೇ ಇನ್ಯಾರದೋ ತುಟಿ ಅನ್ನಿಸುತ್ತದಲ್ಲ, ಅಂಥ ಸ್ಥಿತಿ. ನೋವಿಲ್ಲ. ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಬಾಯಲ್ಲಿ ಮಾತ್ರ ಸಿನಿಮಾ ಡೈಲಾಗು ತಪ್ಪದೆ ಬರುತ್ತಿತ್ತು. ಮೊದಲಾಗಿದ್ದರೆ ನಾನು ಒಂದು ಡೈಲಾಗು ಹೊಡೆದ ಕೂಡಲೇ ಅಮ್ಮ, "ಇಂಟರ್ವಲ್ ಬಿಡೋ, ತಟ್ಟೆ ತೊಳಿ," ಅನ್ನುತ್ತಿದ್ದಳು. ಈಗ ಇಂಟರ್ವಲ್ ಬಿಡುವವರಿಲ್ಲ. ಪಿಕ್ಚರ್ ತನ್ನ ಪಾಡಿಗೆ ತಾನು ಓಡುತ್ತಿತ್ತು.

ನಾನು ಒಂದು ರೆಸ್ಟೋರೆಂಟಿನಲ್ಲಿ ಸಪ್ಲೈಯರ್. ವಾರದ ಕೊನೆಗೆ ಅಲ್ಲಿಗೊಬ್ಬ ಮೇಡಂ ಬಂದು, ಊಟ ತಡವಾದ ಟೇಬಲ್ಲುಗಳ ಬಳಿ ನಿಂತು ಇಸ್ಪೀಟ್ ಎಲೆಗಳಲ್ಲಿ ಜಾದೂ ಮಾಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕಪ್ಪು ಕೋಟು, ಕಾಲಲ್ಲಿ ಹವಾಯಿ ಚಪ್ಪಲಿ. "ಯಾವುದಾದ್ರೂ ಒಂದು ಎಲೆ ತಗೊಳ್ಳಿ," ಅನ್ನುತ್ತಿದ್ದರು. ಜನ ತಮಗಿಷ್ಟ ಬಂದ ಎಲೆ ಎಳೆಯುತ್ತಿದ್ದರು. ಅದು ಯಾವುದೆಂದು ಮೇಡಂ ಮೊದಲೇ ಚೀಟಿಯಲ್ಲಿ ಬರೆದು ಉಪ್ಪಿನ ಡಬ್ಬಿಯ ಕೆಳಗಿಟ್ಟಿರುತ್ತಿದ್ದರು.

ಯಾವುದಾದ್ರೂ. ಆ ಮಾತು ಕಿವಿಗೆ ಬಿದ್ದಾಗ ನನ್ನ ತಲೆಯಲ್ಲಿ ಬಲ್ಬು ಹತ್ತಿತು.

ಮಧ್ಯಾಹ್ನದ ಗಿರಾಕಿಗಳು ಖಾಲಿಯಾದ ಹೊತ್ತಿನಲ್ಲಿ ಮೇಡಂ ಎದುರಿಗೆ ಮಂಡಿಯೂರಿದೆ. "ಗುರುಗಳೇ, ಶಿಷ್ಯನಾಗಿ ಸ್ವೀಕರಿಸಿ. ಇಲ್ಲ ಅಂದ್ರೆ ಈ ಟ್ರೇ ಸಾಕ್ಷಿಯಾಗಿ ಇಲ್ಲೇ ನನ್ನ ಪ್ರಾಣ..."

"ಟ್ರೇ ಕೆಳಗಿಡು ಮೊದ್ಲು, ಸೂಪ್ ಚೆಲ್ಲತ್ತೆ. ಏನ್ ಕಲೀಬೇಕು ಹೀರೋಗೆ?"

"ಎದುರಿಗಿರೋರು ನಮಗೆ ಬೇಕಾದ್ದನ್ನೇ ಆರಿಸ್ಬೇಕು. ಆದ್ರೆ ತಾವೇ ಆರಿಸಿದ್ದು ಅನ್ಕೋಬೇಕು."

"ಹೊರಗಡೆ ಅದಕ್ಕೆ ಮದುವೆ ಅಂತಾರೆ. ನಮ್ಮ ಲೈನಲ್ಲಿ ಫೋರ್ಸ್ ಅಂತೀವಿ," ಅಂದರು ಮೇಡಂ, ನಗದೆ.

ಕಲಿಸಲು ಒಪ್ಪಿದರು. ಆಟೀನ್ ಏಳನ್ನು, ಅಂದರೆ ಕೆಂಪು ಹೃದಯದ ಏಳನ್ನು, ಕಟ್ಟಿನ ನಡುವೆ ಸೇರಿಸಿ, ಅದರ ಮೇಲೆ ಕಿರುಬೆರಳ ತುದಿಯಿಂದ ಕೂದಲೆಳೆಯಷ್ಟು ಸಂದಿ ಹಿಡಿದುಕೊಂಡು, ಎಲೆಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸರಿಸುತ್ತಾ ಹೋಗಬೇಕು. ಎದುರಿನವರ ಬೆರಳು ಬರುವ ಹೊತ್ತಿಗೆ ಸರಿಯಾಗಿ ಏಳು ಅಲ್ಲಿರಬೇಕು. ನಾನು ಮೊದಲ ಸಲವೇ ಅದನ್ನು ಮೇಡಂ ಮೂಗಿನವರೆಗೆ ತಳ್ಳಿದೆ.

"ನಾಯಿಗೆ ಬಿಸ್ಕೆಟ್ ಹಾಕ್ತಿದೀಯೇನೋ? ಹಂಗೆ ಚಾಚಿದ್ರೆ ಯಾರಾದ್ರೂ ತಗೋತಾರಾ? ಬಸ್ ಸ್ಟಾಪಲ್ಲಿ ನೀನು ನಿಂತ ಕಡೇಗೇ ಬಾಗಿಲು ಬಂದು ನಿಲ್ಲತ್ತಲ್ಲ ಒಂದೊಂದ್ಸಲ, ಹಂಗಿರ್ಬೇಕು. ನನ್ನ ಅದೃಷ್ಟ ಅನ್ಕೊಂಡು ಹತ್ತೋ ಹಾಗೆ."

"ಕಣ್ಣು ಎಲ್ಲಿಡ್ಬೇಕು ಮೇಡಂ?"

"ಅವರ ಮುಖದ ಮೇಲೆ. ನೀನು ಎಲೆ ನೋಡಿದ್ರೆ ಅವರೂ ಎಲೆ ನೋಡ್ತಾರೆ. ಇನ್ನೊಂದು ತಿಳ್ಕೋ. ಎಷ್ಟು ಪಳಗಿದ್ರೂ ಆಗಾಗ ತಪ್ಪತ್ತೆ. ತಪ್ಪಿದಾಗ ಮುಖ ಹುಳ್ಳಗೆ ಮಾಡ್ಬೇಡ, ಬೇರೆ ಆಟಕ್ಕೆ ಹೊರಳ್ಕೋ."

ಮನೆಗೆ ಬಂದು ಅಪ್ಪನ ಮೇಲೆ ಪ್ರಯೋಗಕ್ಕಿಳಿದೆ. ಅಪ್ಪ ಮಂಚದ ಅಂಚಿನಲ್ಲಿ ಕೂತು ಗೋಡೆ ನೋಡುತ್ತಿದ್ದರು. ಎಲೆ ಸರಿಸಿದೆ. ಕೈ ಚಾಚಿದರು, ಎಳೆದರು. ಆಟೀನ್ ಏಳು. ಮತ್ತೆ ಕಲಸಿ ಸರಿಸಿದೆ. ಆಟೀನ್ ಏಳು. ಮಾರನೆಯ ದಿನ, ಅದರ ಮಾರನೆಯ ದಿನ, ಊಟಕ್ಕೆ ಮುಂಚೆ, ಸ್ನಾನಕ್ಕೆ ಹೋಗುವ ದಾರಿಯಲ್ಲಿ ಅಡ್ಡಗಟ್ಟಿ, ಟವೆಲ್ ಹೆಗಲ ಮೇಲಿರುವಾಗಲೇ. ಪ್ರತಿ ಸಲವೂ ಅದೇ ಏಳು. ಒಂದೇ ಒಂದು ಸಲ ತಪ್ಪಲಿಲ್ಲ. ನಾನು ಹುಟ್ಟಾ ಕಲಾವಿದ ಅಂತ ನನಗೆ ಖಾತ್ರಿಯಾಗಿಹೋಯಿತು. ಕನ್ನಡಿಯ ಮುಂದೆ ನಿಂತು, "ಈ ಕೈ ಎಲೆ ಹಿಡಿದ್ರೆ ವಿಧಿ ಕೂಡ ಕಟ್ ಮಾಡೋಕೆ ಕೈ ಚಾಚುತ್ತೆ," ಅಂದೆ. ಒಳಗಿನಿಂದ ಯಾರೂ ಏನೂ ಅನ್ನಲಿಲ್ಲ.

ಇನ್ನೊಂದು ಉಪಾಯವನ್ನೂ ಮೇಡಂ ಕಲಿಸಿದ್ದರು. ಎರಡು ಎಲೆ ಬೋರಲು ಹಾಕು. ಒಂದನ್ನು ಮುಟ್ಟಿ ಅನ್ನು. ನಿನಗೆ ಬೇಕಾದ್ದನ್ನೇ ಮುಟ್ಟಿದರೆ, "ಇದೇ ನಿಮ್ಮದು." ಬೇಡದ್ದನ್ನು ಮುಟ್ಟಿದರೆ, "ಸರಿ, ಅದನ್ನ ತೆಗೆದುಬಿಡೋಣ, ಉಳಿದದ್ದು ನಿಮ್ಮದು." ಏನು ಮಾಡುತ್ತೇನೆಂದು ಮೊದಲೇ ಹೇಳದಿದ್ದರೆ ಸಾಕು, ಎರಡು ದಾರಿಯೂ ನಿನ್ನ ಮನೆಗೇ.

ಅಕ್ಕ ಬಂದಿದ್ದ ಸಂಜೆ ಅದನ್ನೇ ಮಾಡಿದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಎಲೆ ಬೋರಲು. "ಅಪ್ಪ, ಕೆಂಪೆಲೆ ಅಂದ್ರೆ ಅಂಗಡಿ ತೆಗಿಯೋದು. ಕಪ್ಪೆಲೆ ಅಂದ್ರೆ ಬಿಡೋದು. ಒಂದನ್ನ ಮುಟ್ಟಿ."

"ಏನೋ ಇದು ಹುಡುಗಾಟ," ಅಂದಳು ಅಕ್ಕ. ಆದರೂ ಕುರ್ಚಿ ಹತ್ತಿರಕ್ಕೆಳೆದುಕೊಂಡಳು.

ಅಪ್ಪ ಎಡಗಡೆಯದನ್ನು ಮುಟ್ಟಿದರು. ಅದು ಕಪ್ಪು. ನಾನು ಕಣ್ಣು ಮಿಟುಕಿಸಲಿಲ್ಲ. "ಸರಿ, ಇದನ್ನ ತೆಗೆದುಬಿಡೋಣ," ಅಂತ ಬೋರಲಾಗಿಯೇ ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಅಂಗಾತ ತಿರುಗಿಸಿದೆ. ಕೆಂಪು.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ, "ಸರಿ," ಅಂದರು.

ಮರುದಿನ ಶಟರ್ ಎದ್ದಿತು. ಅಪ್ಪ ಕಸ ಗುಡಿಸಿದರು, ಮಿಷನ್ನಿಗೆ ಎಣ್ಣೆ ಬಿಟ್ಟರು, ಕೂತರು. ಕೆಲಸಕ್ಕೆ ಹೋಗುವ ಮುಂಚೆ ನಾನೂ ಹೋಗಿ ನಿಲ್ಲುತ್ತಿದ್ದೆ. ಹಳೆಯ ಗಿರಾಕಿಯೊಬ್ಬ ಪ್ಯಾಂಟು ತಂದು, "ಸ್ವಲ್ಪ ಗಿಡ್ಡ ಮಾಡ್ಬೇಕಿತ್ತು, ಎಷ್ಟು ಮಡಚ್ತೀರಿ?" ಅಂದ.

"ಯಾವುದಾದ್ರೂ ಸರಿ," ಅಂದರು ಅಪ್ಪ.

ಗಿರಾಕಿ ನನ್ನ ಮುಖ ನೋಡಿದ. ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು, "ಇನ್ನೊಂದಿನ ಬರ್ತೀನಿ," ಅಂತ ಹೊರಟ. ಇನ್ನೊಬ್ಬರು ಕೊಟ್ಟಿದ್ದ ಅಂಗಿಯನ್ನು ಮಾತ್ರ ಅಪ್ಪ ಹೊಲಿದರು. ಮುಗಿಸಿ, ತಿರುಗಿಯೂ ನೋಡದೆ ಅದನ್ನು ಎಡಗೈಯಲ್ಲಿ ಬಾಗಿಲ ಕಡೆಗೆ ಚಾಚಿ ಹಿಡಿದರು. ಅದು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ದಾರದ ಚೂರು ಕೊಡವುತ್ತಿದ್ದಾರೆ ಅಂದುಕೊಂಡೆ.

ಅಂಗಡಿ ತೆಗೆದಿದೆ ಅಂತ ಮಾಲೀಕನಿಗೆ ಅಕ್ಕ ತಿಳಿಸಲಿಲ್ಲ. "ತಿಂಗಳು ಮುಗೀಲಿ, ನೋಡೋಣ," ಅಂದಳು.

ಆ ವಾರ ಮೇಡಂ ನನಗೊಂದು ಟೇಬಲ್ ಬಿಟ್ಟುಕೊಟ್ಟರು. ಗಂಡ, ಹೆಂಡತಿ, ಅತ್ತೆ. ನಾನು ಎದೆಯುಬ್ಬಿಸಿ ನಿಂತು, "ಮಾನ್ಯರೇ, ಇಲ್ಲಿ ಆರಿಸೋದು ನೀವು, ಆಡಿಸೋದು ನಾನು," ಅಂದು ಎಲೆ ಸರಿಸಿದೆ. ಹೆಂಡತಿಯ ಬೆರಳು ಏಳರ ಬಳಿ ಬಂತು, ನಿಂತಿತು, ಹಿಂದಕ್ಕೆ ಹೋಗಿ ಎಲ್ಲಕ್ಕಿಂತ ಕೆಳಗಿನ ಎಲೆ ಎಳೆಯಿತು. ಗಂಡನ ಕಡೆ ಹೊರಳಿದೆ. ಅವನು ನನ್ನ ಮುಖ ನೋಡುತ್ತಲೇ ತುದಿಯದನ್ನು ಕಿತ್ತ. ಅತ್ತೆ, "ನೀನು ಕೊಡೋದು ಬೇಡಪ್ಪ, ನಾನೇ ತಗೋತೀನಿ," ಅಂತ ಇಡೀ ಕಟ್ಟನ್ನೇ ಕಸಿದುಕೊಂಡರು. ಬೇರೆ ಆಟಕ್ಕೆ ಹೊರಳಲು ನನಗೆ ಬೇರೆ ಆಟವೇ ಬರುತ್ತಿರಲಿಲ್ಲ. ಅದರ ಅಗತ್ಯ ಬಿದ್ದಿರಲಿಲ್ಲವಲ್ಲ.

ಮೇಡಂ ನನ್ನನ್ನು ನೀರಿನ ಫಿಲ್ಟರ್ ಹಿಂದಕ್ಕೆ ಕರೆದರು. "ಯಾರ ಮೇಲೆ ಪ್ರಾಕ್ಟೀಸ್ ಮಾಡಿದ್ಯೋ?"

"ಅಪ್ಪನ ಮೇಲೆ. ಅಲ್ಲಿ ಒಂದ್ಸಲಾನೂ ತಪ್ಪಿಲ್ಲ ಮೇಡಂ, ನಿಮ್ಮಾಣೆ."

"ಒಂದ್ಸಲಾನೂ?" ಮೇಡಂ ಎಲೆಗಳನ್ನು ಜೋಡಿಸುವುದು ನಿಲ್ಲಿಸಿದರು. "ಹೇಗಿದಾರೆ ನಿಮ್ಮಪ್ಪ?"

ಹೇಳಿದೆ. ಬಿಸಿನೀರಿನ ಲೋಟದ ಕಥೆಯನ್ನು ನಗು ಬರುವ ಹಾಗೆ ಹೇಳಿದೆ. ಮೇಡಂ ನಗಲಿಲ್ಲ.

"ಬೇಡ ಅನ್ನೋ ಶಕ್ತಿ ಇರೋರ ಮೇಲೆ ಮಾಡಿದ್ರೆ ಅದು ಫೋರ್ಸ್ ಕಣೋ. ನೀನು ತೆರೆದಿದ್ದ ಬಾಗಿಲನ್ನ ಒದ್ದು, ಬೀಗ ಮುರಿದೆ ಅಂತ ತಿರುಗ್ತಿದೀಯ. ಅಲ್ಲಿ ನಿನ್ನ ಕೈಚಳಕ ಏನೂ ಇಲ್ಲ."

ನಾನು ಖಾಲಿ ಟೇಬಲ್ ಒರೆಸಲು ಹೋದೆ. ಅದು ಆಗಲೇ ಒರೆಸಿದ್ದ ಟೇಬಲ್.

ತಿಂಗಳ ಕೊನೆಯ ದಿನ ಮಧ್ಯಾಹ್ನ ರಜೆ ಹಾಕಿ ಅಂಗಡಿಗೆ ಹೋದೆ. ಪಕ್ಕದ ಅಂಗಡಿಯಲ್ಲಿ ಯಾವುದೋ ಫೋನಿನ ರಿಂಗ್‌ಟೋನುಗಳನ್ನು ಒಂದೊಂದಾಗಿ ಬಾರಿಸಿ ನೋಡುತ್ತಿದ್ದರು. ಅಪ್ಪ ಮಿಷನ್ ಮುಂದೆ ಸುಮ್ಮನೆ ಕೂತಿದ್ದರು. ಕತ್ತರಿಸುವ ಮೇಜಿನ ಮೇಲೆ ಎಲೆಗಳನ್ನು ಹರವಿದೆ. ಸಂದಿ ಹಿಡಿಯಲಿಲ್ಲ, ಏಳು ಎಲ್ಲಿದೆಯೋ ನೋಡಿಕೊಳ್ಳಲಿಲ್ಲ.

"ಅಪ್ಪ, ಒಂದು ತಗೊಳ್ಳಿ."

ಕೈ ಬಂತು. ಎಲೆಗಳ ಮೇಲೆ ಹಾಗೇ ನಿಂತಿತು. ಬೆರಳುಗಳು ಕಾಯುತ್ತಿದ್ದವು.

"ಯಾಕೋ, ಇವತ್ತು ಕೊಡಲ್ವಾ?" ಅಂದರು ಅಪ್ಪ.

"ಏನನ್ನ?"

"ಆ ಏಳನ್ನ. ದಿನಾ ಬೆರಳ ಹತ್ರಕ್ಕೇ ತಂದು ಕೊಡ್ತಿದ್ದೆಯಲ್ಲ."

"ಗೊತ್ತಿತ್ತಾ ನಿಮಗೆ?"

"ಮೂವತ್ತು ವರ್ಷ ಬಟ್ಟೆ ಹಿಡಿದ ಬೆರಳು ಕಣೋ ಇದು. ಯಾರು ಎಳೀತಿದಾರೆ, ಯಾರು ಬಿಡ್ತಿದಾರೆ ಗೊತ್ತಾಗಲ್ವಾ?"

"ಮತ್ತೆ ಆವತ್ತು ಅಡುಗೆಮನೇಲಿ?"

"ನಾನು ಮುಟ್ಟಿದ್ದನ್ನ ನೀನು ಎತ್ತಿ ಪಕ್ಕಕ್ಕಿಟ್ಟೆ. ಓ, ಇವನಿಗೆ ಅಂಗಡಿ ಬೇಕು ಅನ್ನೋದು ಗೊತ್ತಾಯ್ತು." ಅಪ್ಪ ಮಿಷನ್ನಿನ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಬಿಟ್ಟರು. "ನನಗೆ ಏನೂ ಬೇಕು ಅನಿಸ್ತಿರ್ಲಿಲ್ಲ. ಬೇಕು ಅನ್ನೋರ ಮಾತಾದ್ರೂ ನಡೀಲಿ ಅಂತ ಬಂದು ಕೂತೆ."

ಪಕ್ಕದಲ್ಲಿ ರಿಂಗ್‌ಟೋನು ಬದಲಾಯಿತು.

"ಎಲ್ಲರೂ ಯಾವುದು ಬೇಕು, ಯಾವುದು ಬೇಕು ಅಂತೀರಿ," ಅಂದರು ಅಪ್ಪ. "ಬೇಕಾ ಅಂತ ಯಾರೂ ಕೇಳಲ್ಲ."

ಮೇಡಂ ಕಲಿಸಿದ ಒಂದೂ ಪಾಠ ಆಗ ನೆನಪಿಗೆ ಬರಲಿಲ್ಲ. ಕಣ್ಣು ಎಲ್ಲಿಡಬೇಕು ಅನ್ನುವುದೂ ತಿಳಿಯಲಿಲ್ಲ.

"ಅಂಗಡಿ ಬೇಕಾ ಅಪ್ಪ?"

"ಬೇಡ."

ಅಮ್ಮ ಹೋದ ಮೇಲೆ ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಗಟ್ಟಿಯಾಗೇನೂ ಹೇಳಲಿಲ್ಲ. ಆದರೆ ಕತ್ತರಿ ಹಾಕಿದ ಬಟ್ಟೆಯ ಹಾಗೆ ಅದಕ್ಕೆ ನೇರವಾದ ಒಂದು ಅಂಚಿತ್ತು.

"ಹೊಲಿಗೆ ಬೇಡ ಅಂತಲ್ಲ," ಅಂದರು. "ಮಿಷನ್ ಮನೇಲಿ ಹಾಕೋಣ, ಮನಸ್ಸು ಬಂದಾಗ ತುಳೀತೀನಿ. ಇಲ್ಲಿ ಆಗಲ್ಲ. ಹೊಲಿದು ಮುಗಿಸ್ತೀನಿ, ಕೈ ತಾನಾಗೇ ಆ ಕಡೆ ಚಾಚತ್ತೆ. ತಗೊಳ್ಳೋರಿಲ್ಲ."

ನಾನು ಬಾಗಿಲ ಕಡೆ ನೋಡಿದೆ. ಸ್ಟೂಲು. ಅದರ ಮೇಲೆ ಹಳೆಯ ಕೋಟಿನ ಬಟ್ಟೆಯಲ್ಲಿ ಅಮ್ಮನೇ ಹೊಲಿದುಕೊಂಡ ದಿಂಬು, ನಡುವೆ ತಗ್ಗು.

ಅಕ್ಕನಿಗೆ ಫೋನ್ ಮಾಡಿದೆ. "ಬಿಡೋದಂತೆ," ಅಂದೆ.

"ಅಪ್ಪನೇ ಹೇಳಿದ್ರಾ? ಅಥವಾ ನಿನ್ನ ಎಲೆ ಹೇಳ್ತಾ?"

"ಅಪ್ಪನೇ. ಬೇಡ ಅಂದ್ರು."

ಆ ಕಡೆ ಮೂಗು ಸೀಟಿದ್ದು ಕೇಳಿಸಿತು. "ಇನ್ನೊಂದ್ಸಲ ಹೇಳೋ, ಏನಂದ್ರು?"

"ಬೇಡ ಅಂದ್ರು ಕಣೇ."

ಸಂಜೆಗೆ ಅಕ್ಕನೂ ಬಂದಳು. ಮಿಷನ್ನು, ಕತ್ತರಿ, ದಾರದ ಡಬ್ಬಿಗಳನ್ನು ಗೂಡ್ಸ್ ಆಟೋಗೆ ಹೇರಿದೆವು. ಗೋಡೆಯ ಕನ್ನಡಿಯನ್ನು ಅಪ್ಪ ಮೊಬೈಲ್ ಅಂಗಡಿಯವನಿಗೇ ಬಿಟ್ಟರು. ಅವನು ಕತ್ತರಿಸುವ ಮೇಜನ್ನೂ ಕೇಳಿದಾಗ ಮಾತ್ರ, "ಅದು ಕೊಡಲ್ಲ," ಅಂದರು. ಆ ದಿನ ಅವರು ಆಗಲ್ಲ ಅಂದದ್ದು ಅದು ಎರಡನೆಯ ಸಲ.

ಕೊನೆಗೆ ಸ್ಟೂಲು ಉಳಿಯಿತು. ಆಟೋದಲ್ಲಿ ಜಾಗ ಇರಲಿಲ್ಲ.

"ಇದು?" ಅಂದರು ಅಪ್ಪ ನನ್ನ ಕಡೆ ತಿರುಗಿ. "ನಿನಗೆ ಬೇಕಾ?"

"ಯಾವುದಾದ್ರೂ ಸರಿ," ಅಂದೆ. ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು.

ಅಪ್ಪ ಶಟರ್ ಇಳಿಸಲಿಲ್ಲ. ಶಟರಿನ ಕೊಕ್ಕೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಅಕ್ಕ ಬೀದಿಯಿಂದ ಬೇಗ ಬನ್ನಿ ಅಂದಳು. ಅದಕ್ಕೂ ಕದಲಲಿಲ್ಲ.

"ನಾನು ಹಂಗೆ ಕೇಳಲಿಲ್ಲ. ಬೇಕಾ, ಬೇಡವಾ?"

ಇಂಜೆಕ್ಷನ್ ಇಳಿಯದವನ ಹಾಗೆ ತುಟಿ ಇನ್ನೂ ಬೇರೆಯವರದ್ದೇ ಅನ್ನಿಸುತ್ತಿತ್ತು. ಅದು ಅಲ್ಲಾಡಲು ಸ್ವಲ್ಪ ಹೊತ್ತು ಹಿಡಿಯಿತು.

"ಬೇಕು," ಅಂದೆ.

"ಹಾಗಾದ್ರೆ ಎತ್ಕೋ."

ದಿಂಬು ಬೀಳದ ಹಾಗೆ ಗದ್ದದಿಂದ ಒತ್ತಿಕೊಂಡು, ಸ್ಟೂಲನ್ನು ಎದೆಗವಚಿ ಎತ್ತಿಕೊಂಡೆ. ಹಿಂದೆ ಶಟರ್ ಇಳಿಯಿತು. ಮನೆ ಮುಟ್ಟುವವರೆಗೂ ನಾನು ಒಂದು ಡೈಲಾಗೂ ಹೊಡೆಯಲಿಲ್ಲ.