ಖಾಲಿಯಾದ ಹಜಾರ

ಹಜಾರ ಖಾಲಿಯಾಗಿತ್ತು. ಅವನು ಬಾಗಿಲಲ್ಲೇ ನಿಂತುಬಿಟ್ಟ. ನಿನ್ನೆಯವರೆಗೆ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದಷ್ಟು ಜನರಿದ್ದ ಆಸ್ಪತ್ರೆ. ಇಂದು ನೆಲದ ಕಲ್ಲಿನ ಬಣ್ಣ ಕಾಣುತ್ತಿತ್ತು. ಜನ ಕಾಯುವ ಸಾಲುಗಳ ಗಣಿತದಲ್ಲಿ ಡಾಕ್ಟರೇಟ್ ಪಡೆದವನಿಗೂ ಮೈ ಜುಮ್ಮೆಂದಿತು.

ಸಾಲು ಕರಗಿಸಲೆಂದು ಆಸ್ಪತ್ರೆಯವರು ಕರೆಸಿದ್ದ ಅವನು ಮಾಡಿದ್ದಿಷ್ಟೇ. ಹಿಂದಿನ ಕೊಠಡಿಯಲ್ಲಿ ಪರೀಕ್ಷೆಯ ಫಲಿತಾಂಶ ಹೇಳುತ್ತಿದ್ದ ಇಬ್ಬರು ಡಾಕ್ಟರುಗಳಲ್ಲಿ ಒಬ್ಬರನ್ನು ಹಜಾರದ ತಪಾಸಣೆ ಮೇಜಿಗೆ ತಂದು ಕೂರಿಸಿದ್ದ. ತಪಾಸಣೆಗೆ ಹೊತ್ತು ಬೇಕು. ಹೇಳುವುದಕ್ಕೆ ಎಷ್ಟು ಹೊತ್ತು?

"ಮಂತ್ರ ಹಾಕಿದ ಹಾಗೆ ಮಾಡಿಬಿಟ್ರಲ್ರೀ!" ಆಸ್ಪತ್ರೆಯ ಮುಖ್ಯಸ್ಥರು ಬೆನ್ನು ತಟ್ಟಿದರು.

ಅವನು ಬೀಗಿದ. ಆಮೇಲೆ ಹೆಂಡತಿಯ ನೆನಪಾಯಿತು. ಅವಳ ಕುತ್ತಿಗೆಯ ಗಂಟಿನ ಪರೀಕ್ಷೆಯ ಫಲಿತಾಂಶ ಇವತ್ತೇ. ಬೆಳಿಗ್ಗೆಯೇ ಬಂದಿದ್ದಳು.

ಹಿಂದಿನ ಕೊಠಡಿಗೆ ಹೋಗುವ ಓಣಿಗೆ ತಿರುಗಿದ. ಜನರೆಲ್ಲ ಅಲ್ಲಿದ್ದರು, ಗೋಡೆಗೆ ಒರಗಿ, ಮೆಟ್ಟಿಲ ಮೇಲೆ ಕೂತು. ಅರೆ ತೆರೆದ ಬಾಗಿಲೊಳಗೆ ಮುದುಕಿಯೊಬ್ಬಳು ಅಳುತ್ತಿದ್ದಳು. ಅಲ್ಲಿ ಉಳಿದಿದ್ದ ಒಬ್ಬರೇ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಸುಮ್ಮನೆ ಎದುರು ಕೂತಿದ್ದರು. ಹೊರಗೆ ಒಬ್ಬರೂ ಗೊಣಗಲಿಲ್ಲ. ಇಷ್ಟು ಜನ, ಇನ್ನೊಬ್ಬರ ಅಳು ಮುಗಿಯಲೆಂದು ಕಾಯುತ್ತಿದ್ದರು. ಸಾಲುಗಳನ್ನೇ ಓದಿ ತಲೆ ನರೆಸಿಕೊಂಡವನು ಮೊದಲ ಸಲ ಒಂದು ಸಾಲನ್ನು ನೋಡಿದ. ಅದರ ಮುಂದೆ ತಾನು ತೀರ ಚಿಕ್ಕವನೆನಿಸಿತು.

"ನನ್ನ ಸರದಿ ಇವತ್ತು ಬರಲ್ವಂತೆ," ಎಂದಳು ಆ ಸಾಲಿನಲ್ಲಿ ಕೂತಿದ್ದ ಹೆಂಡತಿ.

"ಒಳಗೆ ಹೇಳಿಸ್ತೀನಿ. ಮೊದಲು ನೀನು..."

"ಆ ಅಜ್ಜಿನ ಎಬ್ಬಿಸಿ ನಾನು ಕೂತ್ಕೊಳ್ಳಲಾ?"

"ಬರೀ ಹೇಳೋದಕ್ಕೆ ಇಷ್ಟು ಹೊತ್ತು ಹಿಡಿಯತ್ತೆ ಅಂತ ಗೊತ್ತಿರಲಿಲ್ಲ."

"ನೀವು ಯಾರಿಗಾದ್ರೂ ಯಾವತ್ತಾದ್ರೂ ಇಂಥದ್ದು ಹೇಳಿದೀರಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವನಿಗೆ ಭಯವಾದದ್ದು ಅದಕ್ಕೇ.

ಒಂದೇ ಉಸಿರಿಗೆ ಹಜಾರಕ್ಕೆ ಓಡಿ ಬಂದ. ತಪಾಸಣೆ ಮೇಜಿನ ಡಾಕ್ಟರು ಉಗುರು ನೋಡಿಕೊಳ್ಳುತ್ತ ಕೂತಿದ್ದರು.

"ಹಿಂದಿನ ಕೊಠಡಿಗೆ ಬನ್ನಿ ಡಾಕ್ಟ್ರೇ, ಈಗಲೇ."

"ಆಗಲ್ಲ ಸಾರ್. ಖಾಲಿ ಹಜಾರ ನೋಡೋಕೆ ಮೇಲಿನವರು ಬರ್ತಿದ್ದಾರೆ. ಜಾಗ ಬಿಟ್ಟು ಅಲ್ಲಾಡಬೇಡಿ ಅಂತ ಮುಖ್ಯಸ್ಥರ ಹುಕುಂ." ಅವರು ನಕ್ಕರು. "ನಿಮ್ಮದೇ ಏರ್ಪಾಡು ತಾನೇ?"

ಮುಂದಿನ ರೋಗಿಯನ್ನು ಕರೆಯುವ ಗಂಟೆ ಮೊಳಗಿತು. ಗೋಡೆಯ ಹಲಗೆಯಲ್ಲಿ ಹೊಸ ಸಂಖ್ಯೆ ಹೊಳೆಯಿತು. ಗುಮಾಸ್ತರು, ದಾದಿಯರು, ಡಾಕ್ಟರು, ಕೆಲಸವಿಲ್ಲದೆ ಕೂತ ಅಷ್ಟೂ ಮುಖಗಳು ಹಜಾರದ ನಡುವೆ ನಿಂತಿದ್ದ ಒಬ್ಬನ ಕಡೆಗೆ ತಿರುಗಿದವು.

"ಮುಂದೆ ಬನ್ನಿ," ಎಂದು ಅವನ ಗುರುತಿಲ್ಲದ ದಾದಿಯೊಬ್ಬಳು ಅಕ್ಕರೆಯಿಂದಲೇ ಕರೆದಳು. "ಏನಾಗ್ತಿದೆ ನಿಮಗೆ?"

ಅವನು ಬಾಯಿ ತೆರೆದ. ಎಲ್ಲರೂ ಕಾದರು. ಗಂಟೆ ಮತ್ತೆ ಮೊಳಗಿತು.