ಪಂಢರಿ ಕೈಬಿಟ್ಟ ಖರ್ಚು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಔರಾದ ತಾಲೂಕಿನ ಸಂತಪುರದಲ್ಲಿ ನೀರಿಗೆ ಹಾಹಾಕಾರ. ಒಂದು ಕೊಡ ನೀರಿಗಾಗಿ ಹೆಂಗಸರು ಜುಟ್ಟು ಹಿಡಿದು ಜಗಳವಾಡುತ್ತಿದ್ದರು. ಸರಕಾರ ಹೊಸ ಬಾವಿ ಮಂಜೂರು ಮಾಡಿ ಟೆಂಡರ್ ಕರೆಯಿತು.

ಬೀದರಿನ ಪಂಢರಿಗೆ ಆಸೆ ಚಿಗುರಿತು. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಬಾವಿ ತೋಡಿದವನು, ಈಗ ತಾನೇ ಗುತ್ತೇದಾರನಾಗಬೇಕೆಂದ. ಆಗಲಿ, ತಪ್ಪೇನು? ಹೆಂಡತಿ ಸುಭದ್ರಾಬಾಯಿಗೂ ಹಿಗ್ಗು. ಭಾಲ್ಕಿಯಿಂದ ಅವಳ ತಮ್ಮ ಮಾಣಿಕನೂ ಕೆಲಸಕ್ಕೆ ಬಂದ. ತಾಯಿಯಿಲ್ಲದ ಆ ತಮ್ಮನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು.

ಟೆಂಡರ್ ಹಾಕುವ ಮುನ್ನ ಪಂಢರಿಯ ಗೆಳೆಯ, ಓವರ್ಸಿಯರ್ ಮಚ್ಛೇಂದ್ರ ಮನೆಗೆ ಬಂದ.

“ಖರ್ಚು ಏನೇನು ಹಿಡದೀಯೋ?”

“ಡಿಪಾಜಿಟ್, ಗುದ್ದಲಿ, ಹಾರಿ, ಬುಟ್ಟಿ, ಹಗ್ಗ. ಬಿಲ್ ಬರೂತನಕ ಆಳಿನ ಪಗಾರ. ಭೂಮಿಪೂಜಿಗಿ ಒಂದು ಆಡು.”

“ದಡ ಜಾರದಂಗ ಆಸರಿಗಿ ಹಲಗಿ, ಅಡ್ಡ ತೊಲಿ?”

ಪಂಢರಿ ನಕ್ಕುಬಿಟ್ಟ. “ಬೀದರದಾಗ ನಾ ತೋಡಿದ ಬಾವಿಗೋಳಿಗಿ ಯಾವನು ಹಲಗಿ ಹಚ್ಯಾನ? ಗ್ವಾಡಿ ಹಾಂಗ ನಿಂತಾವ.”

“ಇಲ್ಲಿ ಕೆಂಪು ಮುರುಮ, ಗಟ್ಟಿ ನೆಲ, ನಿಲ್ತದ. ಸಂತಪುರದ್ದು ಎರಿ ಮಣ್ಣು. ಬ್ಯಾಸಿಗ್ಯಾಗ ಬಿರಿತದ. ಬಿರುಕಿನಾಗ ಮಳಿ ನೀರು ಇಳದ್ರ ದಡಾನೇ ಜಾರ್ತದ. ಹಲಗಿ ಹಚ್ಚು, ಇಲ್ಲಾ ಬಾಯಿ ಅಗಲ ಮಾಡಿ ಇಳಿಜಾರಾಗಿ ತೋಡು. ಎರಡಕ್ಕೂ ಖರ್ಚು ಅದ.”

“ಅಷ್ಟು ಹಿಡದ್ರ ಟೆಂಡರ್ ನನಗ್ಯಾರು ಕೊಡ್ತಾರ?”

ಸುಭದ್ರಾಬಾಯಿ ಎಲ್ಲ ಕೇಳಿಸಿಕೊಂಡಳು. ಗಂಡ ಗುತ್ತೇದಾರನಾಗುವ ಖುಷಿ ಅವಳ ಬಾಯಿ ಕಟ್ಟಿಹಾಕಿತ್ತು.

ಕಡಿಮೆ ದರ ಬರೆದ ಪಂಢರಿಗೇ ಕೆಲಸ ಸಿಕ್ಕಿತು. ಆಡು ಕಡಿದು ಊರಿಗೆ ಊಟ ಹಾಕಿದರು. ಆಡಿಗೆ ದುಡ್ಡಿತ್ತು, ಹಲಗೆಗೆ ಇರಲಿಲ್ಲ, ಏನು ಹೇಳೋಣ! ಬಾವಿ ಮೂರಾಳು ಆಳಕ್ಕೆ ಇಳಿದಿದ್ದಾಗ ಅಕಾಲದ ಮಳೆ ಸುರಿಯಿತು. ಕೆಲಸ ನಿಂತರೆ ಪಗಾರ ದಂಡವೆಂದು ಪಂಢರಿ ಮರುದಿನವೇ ಆಳುಗಳನ್ನು ಕರೆದ. ಮೊದಲು ಇಳಿದವನು ಮಾಣಿಕ. ಒಂದು ಬದಿಯ ದಡ ಹಾಗೇ ಜಾರಿ ಅವನ ಮೇಲೆ ಬಿತ್ತು. ಮಣ್ಣು ಬಗೆದು ಮೇಲೆತ್ತುವಷ್ಟರಲ್ಲಿ ಉಸಿರು ನಿಂತಿತ್ತು. ಸುಭದ್ರಾಬಾಯಿ ಅವನ ಬಾಯೊಳಗಿನ ಎರೆ ಮಣ್ಣನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಗುತ್ತೆ ರದ್ದಾಯಿತು. ಪಂಢರಿ ಹೆಂಡತಿಗೆ ಮುಖ ತೋರಿಸಲಾರದೆ ಗೋಡೆಗೆ ತಿರುಗಿ ಕೂರುತ್ತಿದ್ದ.

“ನಾನೇ ಕೊಂದೆ.”

“ಮಚ್ಛೇಂದ್ರಣ್ಣ ಹೇಳಾಗ ನಾನೂ ಸುಮ್ಕ ಕೂತಿದ್ದಿನ್ರಿ,” ಎಂದಳು ಸುಭದ್ರಾಬಾಯಿ.

ಮುಂದಿನ ವರ್ಷ ಭಾಲ್ಕಿ ಕಡೆ ಇನ್ನೊಂದು ಬಾವಿ ಬಂತು. ಪಂಢರಿ ಮೊದಲಿಗೇ ಹಲಗೆ, ತೊಲೆ ಬರೆದ. ದರ ಏರಿತು. ಕೆಲಸ ಹಲಗೆಯ ಖರ್ಚೇ ಹಿಡಿಯದ ಅಷ್ಟೂರಿನ ನರಸಿಂಗನ ಪಾಲಾಯಿತು. ಸುದ್ದಿ ಕೇಳಿದ ಸುಭದ್ರಾಬಾಯಿ ನೇರವಾಗಿ ಅಷ್ಟೂರಿಗೆ ನಡೆದಳು.

ನರಸಿಂಗನ ಹೆಂಡತಿ ಕೌಸಲ್ಯಾಬಾಯಿ ನಗುನಗುತ್ತಾ ಪೇಢೆ ತಂದಳು. “ತಗೊಳ್ರಿ ಅಕ್ಕಾ, ನಮಗ ಗುತ್ತೇದಾರಿ ಸಿಕ್ಕದ.”

ಸುಭದ್ರಾಬಾಯಿ ಕೈ ಚಾಚಲಿಲ್ಲ. “ನಿಮ್ಮ ಮನಿಯಿಂದ ಬಾವ್ಯಾಗ ಯಾರು ಇಳಿತಾರವ್ವ?”

“ನನ್ನ ದೊಡ್ಡ ಮಗಾರಿ.”

ಸುಭದ್ರಾಬಾಯಿ ಮಾಣಿಕನ ಸಾವನ್ನು ಒಂದೂ ಬಿಡದೆ ಹೇಳಿದಳು. ಕೇಳುತ್ತಿದ್ದ ನರಸಿಂಗ ಗೊಣಗಿದ, “ಹಲಗಿ ತಂದ್ರ ಲಾಭೇ ಉಳಿಯಂಗಿಲ್ಲ.”

“ಹೋಗ್ಲಿರಿ,” ಎಂದಳು ಕೌಸಲ್ಯಾಬಾಯಿ. “ಹಲಗಿ ಬರೂತನಕ ನನ್ನ ಮಗ ಬಾವಿಗಿ ಇಳಿಯಂಗಿಲ್ಲ.” ನರಸಿಂಗ ಸಂಜೆಯೇ ಹಲಗೆ ತರಲು ಕಟ್ಟಿಗೆ ಅಡ್ಡೆಗೆ ಹೋದ.

ಗುತ್ತೇದಾರಿ ಶುರು ಮಾಡುವ ಅಣ್ಣಂದಿರೇ, ದಡದ ಆಸರೆಯ ಖರ್ಚನ್ನು ಮೊದಲು ಬರೆಯಿರಿ. ಆ ದರಕ್ಕೆ ಕೆಲಸ ಸಿಗದಿದ್ದರೆ ಬಿಟ್ಟುಬಿಡಿ. ಊರ ಹಿರಿಯರೇ, ಅಗ್ಗದ ದರಕ್ಕೆ ಹಿಗ್ಗಬೇಡಿ, ಹಲಗೆ ಎಲ್ಲಿದೆ ಎಂದು ಕೇಳಿ. ಅಕ್ಕತಂಗಿಯರೇ, ಗಂಡಸರ ಲೆಕ್ಕದಲ್ಲಿ ಬಾಯಿ ಹಾಕಿ. ಕೆಳಗೆ ಇಳಿಯುವವನು ನಿಮ್ಮವನು.